ಹೊರಗೆ ಬರುವ ದಾರಿ

ಕಂಪ್ಯೂಟರು ಟಿಣ್ ಎಂದರೆ ಸ್ಟಾಪ್‌ಲಾಸ್ ರಾಯರ ಇನ್ನೊಂದು ಪರೀಕ್ಷೆ ಮುಗಿಯಿತೆಂದು ಹೆಂಡತಿಗೆ ತಿಳಿಯುತ್ತದೆ. ಮುಂದಿನ ಬೆಲೆಯ ಮೇಲೆ ಹಣ ಹೂಡುವ ಫ್ಯೂಚರ್ಸ್ ಪೇಟೆಯ ಇಪ್ಪತ್ತು ವರ್ಷದ ಹಳೆಯ ಬೆಲೆಗಳನ್ನು ಅದಕ್ಕೆ ಉಣಿಸಿ, ಯಾವ ನಿಯಮ ಹಿಡಿದು ಕೊಂಡು ಮಾರಿದ್ದರೆ ನಷ್ಟ ತಪ್ಪುತ್ತಿತ್ತೆಂದು ಅವರು ದಿನವಿಡೀ ಹುಡುಕುತ್ತಾರೆ. ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರಿಬಿಡು ಎಂದು ಮೊದಲೇ ಬರೆದಿಡುವ ಸ್ಟಾಪ್‌ಲಾಸೇ ಅವರ ಜಪವಾದ್ದರಿಂದ ಆ ಹೆಸರು. "ಸತ್ತ ಎಮ್ಮೆಗೇ ಹಾಲು ಜಾಸ್ತಿ" ಎಂದು ಆಕೆ ಚುಚ್ಚುತ್ತಾಳೆ. "ಒಳಗೆ ಹೋಗೋ ಮುಂಚೆ ಹೊರಗೆ ಬರೋ ದಾರಿ ನೋಡ್ಕೋಬೇಕು ಕಣೇ" ಎನ್ನುವ ರಾಯರು ಸಿನಿಮಾದಲ್ಲಿ ಬಾಗಿಲ ಪಕ್ಕವೇ ಕೂರುತ್ತಾರೆ. ಹಾಲು ಉಕ್ಕೀತೆಂದು ಮೊದಲೇ ಒಲೆ ಆರಿಸುವುದರಿಂದ ಆ ಮನೆಯಲ್ಲಿ ಬಿಸಿ ಕಾಫಿ ಕುಡಿದವರಿಲ್ಲ. ಆದರೆ ಪ್ರತಿ ಹೊಸ ನಿಯಮವನ್ನೂ ಅವರು ಮೊದಲು ಪರೀಕ್ಷಿಸುವುದು ಎಂಟು ವರ್ಷದ ಹಿಂದಿನ ಒಂದು ಸೋಮವಾರದ ಬೆಲೆಗಳ ಮೇಲೆ. ಅವತ್ತು ತಮ್ಮನ ಅಂಗಡಿಯ ಬಂಡವಾಳ ಅವರ ಕೈಯಲ್ಲಿ ಮುಳುಗಿತ್ತು. ತಮ್ಮ ಒಮ್ಮೆಯೂ ದೂರಲಿಲ್ಲ; ಈಗಲೂ ಮನೆಗೆ ಬಾ ಎಂದು ಹೇಳಿಕಳಿಸುತ್ತಾನೆ. "ಇದೊಂದು ಪರೀಕ್ಷೆ ಮುಗೀಲಿ. ತಪ್ಪದ ನಿಯಮ ಹಿಡ್ಕೊಂಡೇ ಹೋಗ್ತೀನಿ" ಎಂದರು ರಾಯರು ಇವತ್ತೂ. ಹೆಂಡತಿ ಕೈಕೆಲಸ ಬಿಟ್ಟು ಎದುರಿಗೆ ಕೂತಳು. "ಅವತ್ತೂ ನಿಮ್ಮ ನಿಯಮ ಮಾರು ಅಂದಿತ್ತಲ್ಲ ರೀ. ಮತ್ತೆ ಏರುತ್ತೆ ಅಂತ ಸ್ಟಾಪ್‌ಲಾಸ್ ತೆಗೆದಿದ್ದು ನೀವೇ. ಇನ್ನೆಷ್ಟು ಪರೀಕ್ಷೆ ಮಾಡ್ತೀರಿ? ಅವನು ಕೇಳ್ತಿರೋದು ನಿಯಮ ಅಲ್ಲ, ಅಣ್ಣನ್ನ. ಒಂದ್ಸಲ ಹೋಗಿ..." ಮಾತು ಮುಗಿಯುವ ಮೊದಲೇ ರಾಯರು ಎದ್ದು ಚಪ್ಪಲಿ ಮೆಟ್ಟಿದರು. ಆಕೆ ಆಸೆಯಿಂದ ಕಿಟಕಿಗೆ ಬಂದಳು. ತಮ್ಮನ ಮನೆಗೆ ಹೋಗುವ ತಿರುವಿನಲ್ಲಿ ಅವರ ಹೆಜ್ಜೆ ಒಂದಿಷ್ಟು ನಿಧಾನವಾಯಿತು; ಆಮೇಲೆ ಅತ್ತ ತಿರುಗದೆ ನೇರ ನಡೆದುಬಿಟ್ಟರು.