ಕುರುಡಿ ಮೀನಿನ ಬಾಯಿ

ಬಕೆಟ್ಟಿನೊಳಗೆ ಜೀವಂತ ಸಿಗಡಿ ಹಾರಿ ಮುಚ್ಚಳಕ್ಕೆ ಬಡಿಯುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ ನನಗೆ ತಿಳಿಯದು. ಒಣಗಿದ ಎಲೆಯ ಮೇಲೆ ದಪ್ಪ ಹನಿಯೊಂದು ಬಿದ್ದಂತಿರುತ್ತದೆ; ಹನಿಗಿಲ್ಲದ ಒಂದು ಹಟ ಮಾತ್ರ ಅದರಲ್ಲಿರುತ್ತದೆ. ಈಚೆಗೆ ಕಾವೂರಿನ ನಮ್ಮ ಫ್ಲಾಟಿನ ಕೆಳಗೆ, ಸ್ಕೂಟರಿನಲ್ಲಿ ಮೀನು ತರುವವನ ಡಬ್ಬದಿಂದ ಆ ಸದ್ದು ಬಂದಾಗ ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಬೋಳಾರದಲ್ಲಿ, ಈಗ ಇಲ್ಲದ ನಮ್ಮ ಮನೆಯ ಬಚ್ಚಲಿನಿಂದ, ತಿಂಗಳಿನ ಕೆಲವು ಸಂಜೆಗಳಲ್ಲಿ ಅದು ಕೇಳಿಸುತ್ತಿತ್ತು. ಕೇಳಿಸಿದ ಕೂಡಲೇ ಅಡುಗೆಮನೆಯಲ್ಲಿ ಅಮ್ಮನ ಕೈಯ ಸೌಟು ಒಂದು ಕ್ಷಣ ತಡೆಯುತ್ತಿತ್ತು. ಪಪ್ಪ ಆ ರಾತ್ರಿ ಹೊಳೆಗೆ ಹೋಗುತ್ತಾರೆಂಬುದು ನಮ್ಮಿಬ್ಬರಿಗೂ ಅರ್ಥವಾಗುತ್ತಿತ್ತು. ಹೊಳೆಯ ಯಾವ ಕಡೆಗೆಂಬುದು ಮಾತ್ರ ಅರ್ಥವಾಗುತ್ತಿರಲಿಲ್ಲ.

ಆ ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸಿಕೊಂಡು ಅವರು ಹೋಗುತ್ತಿದ್ದುದು ಕುರುಡಿ ಮೀನಿಗೆ. ನೇತ್ರಾವತಿ ಕಡಲು ಸೇರುವಲ್ಲಿ, ಉಪ್ಪುನೀರು ಸಿಹಿನೀರು ಬೆರೆಯುವ ಕಡೆ ಇರುವ, ಬೆಳ್ಳಿ ಮೈಯ, ಅಗಲ ಬಾಯಿಯ ಮೀನು ಅದು. ಹಗಲೆಲ್ಲ ಸೇತುವೆಯ ಕಂಬಗಳ ನೆರಳಿನಲ್ಲಿ ಅಡಗಿದ್ದು, ಕತ್ತಲಾಗಿ ಭರತದ ನೀರು ತಿರುಗುವಾಗ ದಡದ ಹತ್ತಿರ ಬೇಟೆಗೆ ಬರುತ್ತದೆ. ಟಾರ್ಚಿನ ಬೆಳಕು ಬಿದ್ದರೆ ಅದರ ಕಣ್ಣು ಕೆಂಡದಂತೆ ಹೊಳೆಯುತ್ತದೆ ಎಂದು ಪಪ್ಪ ಹೇಳುತ್ತಿದ್ದರು. ಊಟಕ್ಕೆ ಕುಳಿತಾಗಲೂ ಹೆಚ್ಚು ಮಾತನಾಡದ ಮನುಷ್ಯ ಅವರು. ಆದರೆ ಕತ್ತಲಲ್ಲಿ ಮೀನು ಕಚ್ಚಿದ್ದು ಹೇಗೆ ಗೊತ್ತಾಗುತ್ತದೆ ಎಂದು ನಾನು ಒಮ್ಮೆ ಕೇಳಿದಾಗ ಬೆರಳನ್ನು ಮುಂದೆ ಚಾಚಿ ತೋರಿಸಿದರು. "ಕಣ್ಣಿಗೆ ಎಂತದೂ ಕಾಣುವುದಿಲ್ಲ. ದಾರ ಇಲ್ಲಿ ಉಂಟಲ್ಲ, ಅದರಲ್ಲೇ ಎಲ್ಲ ಗೊತ್ತಾಗ್ತದೆ. ಕೆಳಗೆ ಯಾರೋ ಉಸಿರು ಬಿಟ್ಟ ಹಾಗೆ. ಮತ್ತೆ ಒಮ್ಮೆಲೇ ಕೈಯನ್ನೇ ಎಳ್ಕೊಂಡು ಹೋಗ್ತದೆ." ಹೇಳುವಾಗ ಅವರ ಮುಖದಲ್ಲಿ ಕಂಡ ಬೆಳಕು ಮನೆಯ ಬೇರಾವ ಸಂಗತಿಗೂ ಬಂದದ್ದನ್ನು ನಾನು ನೋಡಿರಲಿಲ್ಲ. ಅಮ್ಮನೂ ನೋಡಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಮ್ಮ ಹೊಳೆಬದಿಯಲ್ಲಿ ಒಂದು ಕಟ್ಟಳೆಯಿತ್ತು. ಗಾಳ ಹಿಡಿದು ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಆ ರಾತ್ರಿ ಮೀನು ಗಾಳವನ್ನು ಮುಟ್ಟುವುದಿಲ್ಲ. ಬೇರೆ ಮನೆಗಳಲ್ಲಿ ಇದು ನಗುವ ವಿಷಯವಾಗಿದ್ದಿರಬಹುದು. ನಮ್ಮ ಅಮ್ಮನಿಗೆ ಹಾಗಿರಲಿಲ್ಲ. ಪಪ್ಪ ಗಲ್ಫಿನ ಲಾಂಡ್ರಿಯೊಂದರಲ್ಲಿ ದುಡಿದ ವರ್ಷಗಳಲ್ಲಿ ಅವಳ ಪಾಲಿಗೆ ಗಂಡನೆಂದರೆ ಫೋನಿನ ದನಿಯಷ್ಟೇ ಆಗಿದ್ದು, ಆ ದನಿಯಲ್ಲಿ ಏನನ್ನು ಮುಚ್ಚಿಡಲಾಗಿದೆಯೆಂದು ಹುಡುಕುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಮನುಷ್ಯ ಮನೆಗೆ ಮರಳಿದ ಮೇಲೂ ಆ ರೂಢಿ ಹೋಗಲಿಲ್ಲ. ರಾತ್ರಿ ಜಪಮಾಲೆ ಹಿಡಿದು ಹೇಳುವ ತೇರ್ಸ್ ಪ್ರಾರ್ಥನೆ ಮುಗಿದು ಪಪ್ಪ ಬಕೆಟ್ ಎತ್ತಿಕೊಂಡರೆ, ಕೇಳಲಾಗದ ಆ ಒಂದು ಪ್ರಶ್ನೆಯನ್ನು ನುಂಗಿಕೊಂಡು ಅವಳು ಪಾತ್ರೆ ತೊಳೆಯುತ್ತಿದ್ದಳು. ಕೊನೆಗೆ ಪಕ್ಕದ ಅಂಗಡಿಯ ಮೋನಾಕನನ್ನು ಕೇಳಿದಳು. ಅವರೂ ರಾತ್ರಿ ಗಾಳ ಹಾಕುವವರೇ. "ನನ್ನತ್ರ ಎಂತ ಕೇಳುವುದು ಬಾಯಮ್ಮ? ನನ್ನ ಜಾಗ ನನ್ನ ಹೆಂಡತಿಗೇ ಗೊತ್ತಿಲ್ಲ," ಎಂದು ಅವರು ನಕ್ಕರು. ಅಮ್ಮ ನಗಲಿಲ್ಲ.

ಅಂದಿನಿಂದ ಅವಳು ಮೀನಿನ ಬಾಯಿ ನೋಡತೊಡಗಿದಳು. ಪಪ್ಪ ಬೆಳಗಿನ ಜಾವ ತಂದ ಮೀನನ್ನು ಅಡುಗೆಮನೆಯ ಬಲ್ಬಿನ ಕೆಳಗೆ ಹಿಡಿದು, ತುಟಿಯನ್ನು ಬೆರಳಿನಿಂದ ಅಗಲಿಸಿ, ಗಾಳ ಹರಿದ ಗಾಯವನ್ನು ಹುಡುಕುತ್ತಿದ್ದಳು. ಗಾಯ ಸಿಕ್ಕಿದರೆ ಆ ದಿನದ ಸಾರು ರುಚಿಯಾಗಿರುತ್ತಿತ್ತು. ನಾನು ಪಿಯುಸಿಗೆ ಸೇರಿದ ವರ್ಷದ ಒಂದು ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿದಳು. "ಕನ್ನಡಕ ಹಾಕು. ನೀನು ಸೈನ್ಸ್ ಓದುವವಳಲ್ಲವಾ? ನೋಡಿ ಹೇಳು, ಗಾಳ ಎಲ್ಲಿ ಚುಚ್ಚಿದ್ದು?" ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ತಪ್ಪು ಹೇಳಬಾರದೆಂಬ ಭಯ ನನಗೆ ಆಗಲೂ ಇತ್ತು. ತುಟಿ ನೋಡಿದೆ, ಗಂಟಲು ನೋಡಿದೆ. ಎಲ್ಲಿಯೂ ಗಾಯವಿರಲಿಲ್ಲ. ಕಿವಿರಿನ ಹಿಂದೆ ಬಲೆಯ ದಾರ ಒತ್ತಿದ ಗೆರೆಯಿತ್ತು.

ಅಮ್ಮ ಆ ಮೀನನ್ನು ಹಿಡಿದುಕೊಂಡೇ ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದ ಪಪ್ಪನ ಎದುರು ನಿಂತಳು. "ಇದು ಎಲ್ಲಿಯದ್ದು?"

"ದಕ್ಕೆಯದ್ದು," ಎಂದರು ಪಪ್ಪ. ಬೆಳಿಗ್ಗೆ ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ಕೊಂಡದ್ದು.

"ಹಾಗಾದ್ರೆ ರಾತ್ರಿಯಿಡೀ ನೀವು ಎಲ್ಲಿದ್ದದ್ದು?"

"ಹೊಳೆಯಲ್ಲೇ. ಮೀನು ಸಿಗ್ಲಿಲ್ಲ. ಸುಮಾರು ಸಮಯ ಆಯ್ತು ಹಿಲ್ಡಾ, ಸಿಗುವುದೇ ಇಲ್ಲ. ಖಾಲಿ ಕೈಯಲ್ಲಿ ಬಂದ್ರೆ ಮತ್ತೆ ಯಾಕೆ ಹೋಗುವುದು ಅಂತ ನೀನು ಕೇಳ್ತಿ."

"ಮತ್ತೆ ಯಾಕೆ ಹೋಗುವುದು?"

ಪಪ್ಪ ಇನ್ನೊಂದು ಕಾಲಿಗೆ ನೀರು ಹೊಯ್ದುಕೊಂಡರು. "ಗೊತ್ತಿಲ್ಲ. ಸುಮ್ಮನೆ ಕೂತ್ಕೊಳ್ಳುವುದು."

"ಕುಡೀಲಿಕ್ಕೆ ಅಂದಿದ್ರೆ ನಂಬ್ತಿದ್ದೆ," ಎಂದಳು ಅಮ್ಮ. "ಒಬ್ಬಳು ಇದ್ದಾಳೆ ಅಂದಿದ್ರೂ ನಂಬ್ತಿದ್ದೆ. ಸುಮ್ಮನೆ ಕೂತ್ಕೊಳ್ಳುವುದಂತೆ! ಸೊಳ್ಳೆಗೆ ರಕ್ತ ಕೊಡ್ಲಿಕ್ಕಾ?" ಆ ಮೀನನ್ನು ಅವಳು ಎಸೆಯಲಿಲ್ಲ. ಸಾರು ಮಾಡಿದಳು. ಹುಳಿ ಮಿತಿಮೀರಿತ್ತು, ಆದರೂ ಎಲ್ಲರೂ ಉಂಡೆವು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಬಚ್ಚಲಿನಲ್ಲಿ ಮತ್ತೆ ಸಿಗಡಿ ಸದ್ದು ಮಾಡಿತು. ಪ್ರಾರ್ಥನೆ ಮುಗಿಯಿತು. ಪಪ್ಪ ಎದ್ದರು. ಅಮ್ಮ ಒಳಗೆ ಹೋಗಿ, ನೈಟಿಯ ಮೇಲೆ ಪಪ್ಪನ ಹಳೆಯ ತುಂಬುತೋಳಿನ ಶರ್ಟು ತೊಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು. ಎಲ್ಲಿಗೆ ಎಂದು ಕೇಳಲಿಲ್ಲ. ಪಪ್ಪ ಅವಳನ್ನೊಮ್ಮೆ ನೋಡಿ ಬಕೆಟ್ಟನ್ನು ಅವಳ ಕೈಗೆ ಕೊಟ್ಟರು. "ಚಿಲಕ ಹಾಕಿ ಮಲಗು," ಎಂದು ನನಗೆ ಹೇಳಿ ಇಬ್ಬರೂ ಓಣಿಯ ಕತ್ತಲಿನೊಳಗೆ ಇಳಿದರು. ಅವರು ಮರಳಿದಾಗ ಮೂಡಣ ಬೆಳ್ಳಗಾಗುತ್ತಿತ್ತು. ಮೀನಿರಲಿಲ್ಲ. ಆದರೆ ಗೇಟಿನ ಬಳಿ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವುದು ನನಗೆ ಕೇಳಿಸಿತು. "ಅಲ್ಲಿ ಎಂತ ಉಂಟು?" ಎಂದು ಕೇಳಿದೆ. "ಎಂತ ಉಂಟು? ಕೆಸರು ಉಂಟು," ಎಂದಳು.

ಆಮೇಲೆ ಅವರು ಒಟ್ಟಿಗೇ ಹೋಗತೊಡಗಿದರು. ಬಹುಪಾಲು ಬರಿಗೈಯಲ್ಲಿ ಬರುತ್ತಿದ್ದರು. ದಕ್ಕೆಯ ಮೀನು ಮತ್ತೆಂದೂ ಬರಲಿಲ್ಲ. ಈಗ ಸಂಶಯಪಡುವ ಸರದಿ ನನ್ನದಾಗಿತ್ತು. ಒಗೆಯಲು ಹಾಕಿದ ಆ ಶರ್ಟಿನ ತೋಳಿಗೆ ಅಂಟಿದ ಮಣ್ಣು ಯಾವ ದಡದ್ದೆಂದು ಉಜ್ಜಿ ನೋಡುತ್ತಿದ್ದೆ. ಜೇಬಿನಲ್ಲಿ ಕೈ ಹಾಕುತ್ತಿದ್ದೆ. ಮನೆಯಲ್ಲಿ ಒಬ್ಬರಿಗೊಬ್ಬರು ನಾಲ್ಕು ಮಾತು ಆಡದ ಈ ಇಬ್ಬರು, ಆ ಕತ್ತಲಿನಲ್ಲಿ ನನ್ನನ್ನು ಬಿಟ್ಟು ಏನು ಮಾಡುತ್ತಾರೆ?

ಪಪ್ಪ ಹೋದರು. ಮನೆ ಹೋಯಿತು; ಈಗ ಆ ಜಾಗದಲ್ಲಿ ಲಿಫ್ಟ್ ಇರುವ ಕಟ್ಟಡವೊಂದು ನಿಂತಿದೆ. ಅಮ್ಮ ತನ್ನ ಕೊನೆಯ ವರ್ಷಗಳನ್ನು ಕಾವೂರಿನಲ್ಲಿ ನನ್ನೊಡನೆ ಕಳೆದಳು. ಒಂದು ಮಧ್ಯಾಹ್ನ, ಅವಳ ತಲೆ ಬಾಚುತ್ತಾ, ಪಪ್ಪನ ಮಾತನ್ನು ಅವಳು ನಂಬಿದ್ದಳೇ ಎಂದು ಕೇಳಿದೆ.

"ಮೊದಲು ಇಲ್ಲ," ಎಂದಳು. "ಆ ಇನ್ನೊಬ್ಬಳು ಬರ್ತಾಳಾ ಅಂತ ಕಾದು ಕೂತೆ. ಯಾರೂ ಬರ್ಲಿಲ್ಲ. ಮರುಸಲವೂ ಕಾದೆ. ಮತ್ತೆ ಕಾಯುವುದೇ ಒಳ್ಳೆದಾಯ್ತು."

"ಅಷ್ಟೇನಾ?"

"ಅಷ್ಟೇ ಅಲ್ಲ. ಉಳಿದದ್ದು ನಿನಗೆ ಹೇಳ್ಲಿಕ್ಕೆ ಇಲ್ಲ." ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು, ಅಲ್ಲಿ ತೂಗುಹಾಕಿದ್ದ ಕನ್ನಡಿಯಲ್ಲಿ ಮಾತ್ರ ಅವಳ ನಗು ನನಗೆ ಕಂಡಿತು.

ಉಳಿದದ್ದನ್ನು ಹೇಳಬಲ್ಲವರು ಈಗ ಯಾರೂ ಇಲ್ಲ. ಬೋಳಾರದ ಕಡೆ ಹೋದಾಗಲೆಲ್ಲ ನಾನು ಹೊಳೆಯ ದಡದಲ್ಲಿ ನಡೆಯುತ್ತೇನೆ, ಇದಾಗಿರಬಹುದೇ ಎಂದು ಒಂದೊಂದು ಕಲ್ಲಿನ ಮುಂದೆಯೂ ನಿಲ್ಲುತ್ತೇನೆ. ಇಬ್ಬರು ಕುಳಿತುಕೊಳ್ಳುವಷ್ಟು ಅಗಲದ ಕಲ್ಲುಗಳು ಅಲ್ಲಿ ಬಹಳ ಇವೆ.