ಬ್ಯಾಂಡ್ ಅಂದದ್ದು ಬಂದ್ ಆಯಿತು

ಕಳೆದ ವರ್ಷ ಮಳೆಗಾಲ ಹಿಡಿದ ಹೊತ್ತಿನ ಮಾತು. ಪುಣೆಯ ಕಂಪನಿಯೊಂದರ ನೆಟ್‌ವರ್ಕ್ ವಿಭಾಗದಲ್ಲಿ ಬಹಳ ವರ್ಷ ದುಡಿದು ನಿವೃತ್ತನಾಗಿದ್ದೆ. ಸುಮ್ಮನೆ ಕೂರಲಾರದೆ ಅಲ್ಲಿಯ ನಿಗಡಿ ಬಡಾವಣೆಯ ಸುತ್ತಮುತ್ತ ಮನೆಗಳ ವೈಫೈ ಸರಿಮಾಡಿಕೊಡುವ ಕೆಲಸ ಹಿಡಿದೆ. ನಾನು ತುಮಕೂರು ಕಡೆಯವನು, ಸ್ವಲ್ಪ ಮುಂಗೋಪಿ. ನೆಟ್ ಸ್ಲೋ ಎಂಬ ಒಂದೇ ದೂರನ್ನು ದಿನವಿಡೀ ಕೇಳಿದರೆ ಯಾರಿಗಾದರೂ ತಲೆ ಕೆಡುತ್ತದೆ. ಹೋಗಿ ನೋಡಿದರೆ ರೂಟರ್ ಟಿವಿಯ ಹಿಂದೆ ಧೂಳು ತಿನ್ನುತ್ತಾ ಕೂತಿರುತ್ತದೆ.

ಸುನಂದಾ ಅವರ ಮನೆಗೂ ಅದೇ ಸಿಡುಕಿನಲ್ಲೇ ಹೋದೆ. ಅವರು ಹುಬ್ಬಳ್ಳಿಯವರು, ಸ್ಪೀಚ್ ಥೆರಪಿಸ್ಟ್. ಉಗ್ಗುವ ಮಕ್ಕಳಿಗೆ ಮನೆಯಿಂದಲೇ ವಿಡಿಯೊ ಕರೆಯಲ್ಲಿ ತರಬೇತಿ ಕೊಡುತ್ತಾರೆ. ದುಬಾರಿ ಮೆಶ್ ವೈಫೈ ಹಾಕಿಸಿದ್ದರು. ಮೆಶ್ ಎಂದರೆ ಒಂದೇ ರೂಟರಿನ ಬದಲು ಮೂರು ಪುಟ್ಟ ಪೆಟ್ಟಿಗೆಗಳು ಮನೆಯ ಬೇರೆಬೇರೆ ಕಡೆ ಕೂತು ಒಂದೇ ಹೆಸರಿನ ನೆಟ್ ಹಂಚುವ ಏರ್ಪಾಡು. ಇಷ್ಟಾದರೂ ಚಿತ್ರ ನಿಲ್ಲುತ್ತಿತ್ತು, ದನಿ ತುಂಡಾಗುತ್ತಿತ್ತು.

ಚಹಾ ಕೊಡುತ್ತಾ ಅವರು ಪುಣೆ ಹತ್ತಿರದ ಸಾಸವಡದ ಒಂದು ಹುಡುಗಿಯ ವಿಷಯ ಹೇಳಿದರು. ಹೆಸರು ಸಾನ್ವಿ, ಎರಡನೇ ಕ್ಲಾಸು. ತಂದೆ ತಾಯಿ ಕುಂದಾಪುರದ ಕಡೆಯವರು, ಸಾಸವಡದಲ್ಲಿ ಹೋಟೆಲ್ ನಡೆಸುತ್ತಾರೆ. ಹಿಂದೆ ಇಬ್ಬರು ಥೆರಪಿಸ್ಟುಗಳ ಮುಂದೆ ತುಟಿ ಬಿಚ್ಚದ ಮಗು ಇವರ ಹತ್ತಿರ ಈಗಷ್ಟೇ ಮಾತಾಡಲು ಶುರುಮಾಡಿತ್ತು. ಆದರೆ ಇವತ್ತೂ ಹೀಗೇ ಆದರೆ ಕ್ಲಾಸು ಬಿಡಿಸುತ್ತೇವೆ ಎಂದು ತಾಯಿ ಹೇಳಿಬಿಟ್ಟಿದ್ದರು.

"ಹುಡುಗಿ ತಡವರಿಸಿತೋ, ನೆಟ್ ತಡವರಿಸಿತೋ ನನಗ ಗೊತ್ತ ಆಗೂದಿಲ್ರಿ. ಉಗ್ಗೋ ಮಕ್ಕಳಿಗೆ ಇನ್ನೊಮ್ಮೆ ಹೇಳು ಅನ್ನಬಾರದು. ಸುಮ್ನ ಕಾಯ್ತೀನಿ."

ನನ್ನ ಸಿಡುಕು ಅಲ್ಲೇ ಇಳಿಯಿತು. ಅವರ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಅದು 2.4 ಗಿಗಾಹರ್ಟ್ಸ್‌ನಲ್ಲಿತ್ತು. ವೈಫೈಗೆ ಸಾಮಾನ್ಯವಾಗಿ ಎರಡು ದಾರಿ, ಅಂದರೆ ಎರಡು ಬ್ಯಾಂಡ್. 2.4 ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಫ್ಲ್ಯಾಟಿನವರೆಲ್ಲ ಅದರಲ್ಲೇ ನುಗ್ಗಿರುತ್ತಾರೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ಬಂದರೆ ಸೊರಗುತ್ತದೆ. ಎರಡಕ್ಕೂ ಒಂದೇ ಹೆಸರಿದ್ದಾಗ ಯಾವುದನ್ನು ಹಿಡಿಯಬೇಕೆಂದು ಕೊನೆಗೆ ತೀರ್ಮಾನಿಸುವುದು ಲ್ಯಾಪ್‌ಟಾಪೇ. ಅದು ಹಟಮಾರಿ ಇರಬೇಕು ಎಂದುಕೊಂಡೆ. ಮೊಬೈಲಿನಲ್ಲಿ ಮೆಶ್‌ನ ಆ್ಯಪ್ ತೆರೆದರೆ, ಇಡೀ ಮನೆಗೆ 5 ಗಿಗಾಹರ್ಟ್ಸ್ ಆಫ್ ಆಗಿತ್ತು.

ಯಾರು ಮಾಡಿದ್ದು ಎಂದು ಕೇಳಿದೆ.

"ನಾನ ಮಾಡೀನ್ರಿ. ನಮ್ಮ ಮೈದುನ ಬೆಂಗಳೂರಾಗ ಐಟಿಯೊಳಗ ಅದಾನ. ಅವನ ಹೇಳಿದ, ಫೈವ್ ಗಿಗಾಹರ್ಟ್ಸ್ ಬಂದ್ ಮಾಡ್ರಿ ಅಂತ."

ಐಟಿಯವನು ಇಂಥ ಮಾತು ಹೇಳಲಾರ ಅನ್ನಿಸಿತು. ಫೋನ್ ಹಚ್ಚಲು ಹೇಳಿದೆ. ಸ್ಪೀಕರಿನಲ್ಲಿ ಅವನ ದನಿ ಬಂತು.

"ಏ ವೈನಿ, ನಾ ಬ್ಯಾಂಡ್ ಅಂದೆ. ಫೈವ್ ಗಿಗಾಹರ್ಟ್ಸ್ ಬ್ಯಾಂಡ್ ಮಾಡ್ಕೋರಿ ಅಂದೆ. ಬಂದ್ ಯಾರಂದ್ರು?"

ಅವನು ಅದನ್ನು ಹೇಳಿದ್ದು ಇದೇ ಹಾಳು ವೈಫೈಯ ವಾಟ್ಸ್ಆ್ಯಪ್ ಕರೆಯಲ್ಲಿ, ಮಾತೆಲ್ಲ ಚೂರುಚೂರಾಗಿ ಬರುತ್ತಿದ್ದಾಗ. ಮನೆಯಲ್ಲಿ ಫ್ಯಾನ್ ಬಂದ್ ಮಾಡು, ಹೊರಗೆ ಮರಾಠಿಯಲ್ಲಿ ಲೈಟ್ ಬಂದ್ ಕರ್ ಎಂದು ಬೆಳಗಿನಿಂದ ರಾತ್ರಿವರೆಗೆ ಕೇಳುವ ಕಿವಿಗೆ ಬೇರೇನು ಕೇಳಿಸಬೇಕು? ವೈನಿ, ಅಂದರೆ ಅವನ ಅತ್ತಿಗೆ, ಅಚ್ಚುಕಟ್ಟಾಗಿ ಬಂದ್ ಮಾಡಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ಸೆರಗು ಬಾಯಿಗೆ ಹಿಡಿದು ನಕ್ಕರು.

5 ಗಿಗಾಹರ್ಟ್ಸ್ ಆನ್ ಮಾಡಿದೆ. ಲ್ಯಾಪ್‌ಟಾಪ್ ಜಪ್ಪಯ್ಯ ಅಂದರೂ ಕದಲಲಿಲ್ಲ, 2.4ಕ್ಕೇ ಅಂಟಿಕೊಂಡಿತು. ಹತ್ತಿರದ ಪೆಟ್ಟಿಗೆ ಎಲ್ಲಿದೆ ಎಂದು ಹುಡುಕಿದರೆ, ಅಡುಗೆಮನೆಯ ಮಾಂಡಣಿಯ ಪಾತ್ರೆಗಳ ಹಿಂದೆ. ಮಾಂಡಣಿ ಎಂದರೆ ಗೋಡೆಗೆ ಬಡಿದ ಸ್ಟೀಲಿನ ಪಾತ್ರೆ ಸ್ಟ್ಯಾಂಡು. ತಾಟು, ವಾಟಿ, ಡಬ್ಬಿ ಎಲ್ಲ ಸೇರಿ ಸಿಗ್ನಲ್ಲಿಗೆ ಕೋಟೆ ಕಟ್ಟಿದ್ದವು. ಪೆಟ್ಟಿಗೆಯನ್ನು ಅವರು ಪಾಠ ಮಾಡುವ ಕೋಣೆಯ ಬಾಗಿಲ ಬಳಿ ಎತ್ತರದಲ್ಲಿಟ್ಟೆ. ಲ್ಯಾಪ್‌ಟಾಪಿನ ವೈಫೈ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬಲ್ಲಿ 5 ಗಿಗಾಹರ್ಟ್ಸ್ ಆರಿಸಿ, ವೈಫೈ ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಈ ಸಲ ಹಿಡಿಯಿತು.

ಸ್ಪೀಡ್ ಟೆಸ್ಟ್ ಚೆನ್ನಾಗಿ ಬಂತು. ಸಾಮಾನ್ಯವಾಗಿ ಅಷ್ಟು ನೋಡಿ ಚೀಲ ಹೆಗಲಿಗೇರಿಸುವವನು ನಾನು. ಸಾನ್ವಿಯ ಕ್ಲಾಸಿನ ಹೊತ್ತಾಗಿತ್ತು, ಅದು ಮುಗಿಯುವವರೆಗೆ ಇರ್ರಿ ಎಂದು ಸುನಂದಾ ಕೇಳಿಕೊಂಡರು. ಕ್ಯಾಮೆರಾಗೆ ಕಾಣದಂತೆ ಮೂಲೆಯಲ್ಲಿ ಕೂತೆ.

ಎರಡು ಜಡೆಯ ಹುಡುಗಿ ತೆರೆಯ ಮೇಲೆ ಬಂದಳು, ಹಿಂದೆ ತಾಯಿ ಕೈಕಟ್ಟಿ ನಿಂತಿದ್ದರು. ಕಥೆಯೊಂದನ್ನು ಇಬ್ಬರೂ ಸರದಿಯಂತೆ ಓದಿದರು. ಚಿತ್ರ ಎಲ್ಲೂ ನಿಲ್ಲಲಿಲ್ಲ. ಓದು ಮುಗಿದ ಮೇಲೆ ಹುಡುಗಿ ಸುನಂದಾ ಅವರನ್ನೇ ದಿಟ್ಟಿಸಿ ನೋಡಿದಳು.

"ಟೀಚರ್, ನಿಮಗೆ ಗು... ಗುಣ ಆಯ್ತಾ?"

ಸುನಂದಾ ಅವರಿಗೆ ಅರ್ಥವಾಗಲಿಲ್ಲ.

"ನೀವೂ ನನ್ನ ಹಾಗೇ ಮಧ್ಯದಲ್ಲಿ ನಿಲ್ತಿದ್ರಿ ಅಲ್ಲ. ಇವತ್ತು ನಿಲ್ಲಲೇ ಇಲ್ಲ. ಹಾಗಾದ್ರೆ ನ... ನನಗೂ ಆಗ್ತದೆ."

ಅಷ್ಟು ದಿನ ಆ ಮಗು ಧೈರ್ಯದಿಂದ ಬಾಯಿ ತೆರೆದದ್ದು, ಟೀಚರೂ ತನ್ನಂತೆಯೇ ಉಗ್ಗುತ್ತಾರೆ ಎಂದುಕೊಂಡು. ಸುನಂದಾ ಕಣ್ಣೊರೆಸಿಕೊಂಡರು, ಆದರೆ ಸುಳ್ಳು ಹೇಳಲಿಲ್ಲ. ನಿಂತದ್ದು ನಾನಲ್ಲ, ನೆಟ್, ಆದರೆ ನಿನಗಾಗಿ ನಾನು ಎಷ್ಟು ಹೊತ್ತಾದರೂ ಕಾಯುತ್ತೇನೆ ಎಂದರು. ಹುಡುಗಿ ಸ್ವಲ್ಪ ಯೋಚಿಸಿ ತಲೆಯಾಡಿಸಿದಳು. ತಾಯಿ ಮುಂದೆ ಬಂದು ಮುಂದಿನ ಕ್ಲಾಸು ಯಾವಾಗ ಎಂದು ಕೇಳಿದರು.

ಆ ಹುಡುಗಿ ಮಾತಿನಲ್ಲಿ ಎರಡು ಕಡೆ ತಡವರಿಸಿದ್ದಳು. ತಡವರಿಸಿದ್ದು ಅವಳೇ, ನೆಟ್ ಅಲ್ಲ ಎಂದು ಟೀಚರಿಗೆ ಅವತ್ತು ಸ್ಪಷ್ಟವಾಗಿ ಕೇಳಿಸಿತ್ತು. ನನ್ನ ಕೆಲಸ ಏನೆಂದು ಇಷ್ಟು ವರ್ಷದ ಮೇಲೆ ನನಗೆ ತಿಳಿದದ್ದು ಆಗಲೇ. ಈಗ ನಾನು ಸ್ಪೀಡ್ ಟೆಸ್ಟ್ ನೋಡಿ ಎದ್ದು ಬರುವುದಿಲ್ಲ. ಆಚೆ ಕಡೆಯವರು ಮಾತಾಡುವವರೆಗೂ ಕೂತಿರುತ್ತೇನೆ.