ನವಾಬನ ಮೂರು ತಿಂಗಳು

ಬೀದಿಯವರೆಲ್ಲ ಅವಳನ್ನು ಚಿನಕುರಳಿ ಎಂದೇ ಕರೆಯುತ್ತಿದ್ದರು, ಬಾಯಿ ಹಾಗಿತ್ತು. ಅವಳ ಗಂಡನಿಗೆ ನವಾಬ ಎಂಬ ಹೆಸರು ಬಿದ್ದದ್ದು ಸೋಮಾರಿತನಕ್ಕೆ. ಹುಲ್ಲುಕಡ್ಡಿ ಎತ್ತಿ ಅತ್ತ ಇಡುವವನಲ್ಲ. ಒಂದೇ ಕೋಣೆ, ಅದರಲ್ಲಿ ಅತ್ತೆ, ಗಂಡ, ಇವಳು. ಮೂರು ಹೊಟ್ಟೆ ತುಂಬುತ್ತಿದ್ದದ್ದು ಚಿನಕುರಳಿ ಮೈ ಮಾರಿ ತಂದ ದುಡ್ಡಿನಿಂದ. ಸಂಜೆ ಬಸ್ ನಿಲ್ದಾಣದ ಹಿಂದಿನ ಲಾಡ್ಜಿಗೆ ಅವಳನ್ನು ನವಾಬನೇ ಬಿಟ್ಟು, ಎದುರಿನ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಚಹಾ ಹೀರುತ್ತ ಕೂರುತ್ತಿದ್ದ. ಮಹಾ ಮರ್ಯಾದಸ್ಥ!

ಒಂದು ಸಂಜೆ ಅವಳಿಗೆ ಜ್ವರ. "ಇವತ್ತು ಹೋಗಲ್ಲ. ಅಷ್ಟು ಬೇಕಿದ್ರೆ ನೀವೇ ಹೋಗಿ," ಎಂದಳು. ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ನವಾಬನಿಗೆ ಮೈಯೆಲ್ಲ ಉರಿದುಹೋಯಿತು. "ನಿನಗೆ ತಲಾಖ್!" ಎಂದು ಕಿರುಚಿದ. ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನಮ್ಮ ಓಡಿಬಂದು ಬಾಯಿ ಮುಚ್ಚಿಬಿಟ್ಟಳು.

ಖಾಜಿ ಬಿಡಿಸಿ ಹೇಳಿದರು. ಒಂದೇ ತಲಾಖ್ ಆದದ್ದರಿಂದ ಅವಳು ತಲಾಖಿನ ನಂತರದ ಗಡುವು ಮುಗಿಯುವವರೆಗೆ ಅದೇ ಮನೆಯಲ್ಲಿ ಇದ್ದತ್ ಕೂರಬೇಕು. ಊಟ ಬಟ್ಟೆ ಗಂಡನ ಹೊಣೆ. ಅಷ್ಟರೊಳಗೆ ಅವನು 'ವಾಪಸ್ ತಗೊಂಡೆ' ಎಂದರೆ ಅವಳು ಮತ್ತೆ ಹೆಂಡತಿ, ಅವಳ ಒಪ್ಪಿಗೆಯೂ ಬೇಡ. ಮುಗಿದ ಮೇಲಾದರೆ ಅವಳು ಒಪ್ಪಿ ಹೊಸ ನಿಕಾಹ್ ಆಗಬೇಕು. "ಎಷ್ಟು ದಿನ ಅಂದ್ರೆ, ಮೂರು ಸಲ ಮುಟ್ಟಾಗಿ ಮುಗಿಯೋವರೆಗೆ," ಎನ್ನುವಾಗ ನವಾಬ, "ಛೀ, ಹೆಂಗಸರ ವಿಷಯ ನನಗ್ಯಾಕೆ?" ಎಂದು ಎದ್ದುಹೋದ. ಹೆಂಡತಿಯನ್ನು ಲಾಡ್ಜಿಗೆ ಬಿಟ್ಟುಬರುವವನಿಗೆ ನಾಚಿಕೆ ಬಂದದ್ದು ಆಗ ನೋಡಿ! ಮೂರು ತಿಂಗಳು ಎಂದು ತಾನೇ ಲೆಕ್ಕ ಹಾಕಿಕೊಂಡ. "ಕೊನೇ ದಿನದವರೆಗೂ ಕಾಯಿಸ್ತೀನಿ, ಬಂದು ಕಾಲು ಹಿಡೀಲಿ. ಆಮೇಲೆ ಸೀದಾ ಲಾಡ್ಜಿಗೆ," ಎಂದು ಚಹಾದಂಗಡಿಯಲ್ಲಿ ಕೊಚ್ಚಿಕೊಂಡ.

ಅದು ಕಿವಿಗೆ ಬಿದ್ದಾಗಿನಿಂದ ಚಿನಕುರಳಿಗೆ ಜೀವ ಕೈಯಲ್ಲಿ. ಮೂರು ಮುಟ್ಟು ಮೂರು ತಿಂಗಳಿಗೆ ಮೊದಲೇ ಮುಗಿಯುತ್ತದೆ ಎಂಬ ಸರಿ ಲೆಕ್ಕ ಯಾರಾದರೂ ಅವನಿಗೆ ಹೇಳಿಬಿಟ್ಟರೆ ಮುಗಿಯಿತು ಕಥೆ. ಹೊರಗೆ ಮಾತ್ರ ಮಹಾರಾಣಿ. ಕಾಲು ಚಾಚಿ ಕೂತು, "ಸೋಪು ಮುಗೀತು ರೀ," ಎನ್ನುವಳು. ನವಾಬ ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತು, ಸೊಂಟ ಹಿಡಿದುಕೊಂಡು ಬಂದು, ಹೊರಗೆ ಜಗಲಿಯ ಮೇಲೆ ಮಲಗಿ ನರಳುವನು. ಬೀದಿಗೆ ಪುಕ್ಕಟೆ ನಾಟಕ.

ಮುಟ್ಟಿನ ಬಟ್ಟೆ ಒಣಗುವುದು ಒಂದೇ ಹಗ್ಗದ ಮೇಲೆ; ಅತ್ತೆಯ ಕಣ್ಣು ತಪ್ಪಿಸುವುದು ಹೇಗೆ? ಮೂರನೆಯ ಸಲ ಮುಗಿದ ದಿನ ಅತ್ತೆಯೇ ಸ್ನಾನಕ್ಕೆ ನೀರು ಕಾಯಿಸಿಕೊಟ್ಟಳು. ತುಟಿ ಪಿಟಕ್ಕೆನ್ನಲಿಲ್ಲ. ಮಗನಿಗೆ ಹೇಳಿಬಿಟ್ಟರೆ ಅವತ್ತೇ ಬೀದಿಪಾಲು ಎಂದು ಚಿನಕುರಳಿಗೆ ಹೆದರಿಕೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿತ್ತು, ಅಲ್ಲಿ ಕೊಡುವ ಕೋಣೆ ಇನ್ನೂ ಖಾಲಿಯಾಗಿರಲಿಲ್ಲ. ಅದು ಸಿಗುವವರೆಗೆ ಕಾದಳು.

ತನ್ನ ಲೆಕ್ಕದ ಕೊನೆಯ ದಿನ ನವಾಬ ಗಡ್ಡ ಟ್ರಿಮ್ ಮಾಡಿಸಿಕೊಂಡು ಖಾಜಿಯನ್ನು ಕರೆತಂದ. "ವಾಪಸ್ ತಗೊಂಡೆ!"

"ನನ್ನ ಇದ್ದತ್ ಮುಗಿದು ಎಷ್ಟೋ ದಿನ ಆಯ್ತು, ಖಾಜಿ ಸಾಹೇಬ್ರೇ."

"ಸುಳ್ಳು!" ನವಾಬ ಕೂಗಿದ.

"ಇದರಲ್ಲಿ ಹೆಂಗಸಿನ ಮಾತೇ ಮಾತಪ್ಪ," ಎಂದರು ಖಾಜಿ.

"ಅಮ್ಮಾ, ನೀನೇ ಹೇಳು! ದಿನಾ ಜೊತೆಲೇ ಇರ್ತೀಯಲ್ಲ!"

ಎಲ್ಲರೂ ಅತ್ತೆಯತ್ತ ತಿರುಗಿದರು.

"ಮುಗಿದಿದೆ. ನೀರು ಕಾಯಿಸಿಕೊಟ್ಟವಳೇ ನಾನು," ಎಂದಳು ಮುದುಕಿ. "ಅವತ್ತು ನಿನ್ನ ಬಾಯಿ ಮುಚ್ಚಿದ್ದು ಇವಳ ಮೇಲಿನ ಪ್ರೀತಿಗಲ್ಲ ಕಣೋ. ಇವಳು ಹೋದ್ರೆ ನನಗೆ ಅನ್ನ ಯಾರು ಹಾಕ್ತಾರೆ ಅಂತ. ಜ್ವರದಲ್ಲಿ ನಡುಗ್ತಿದ್ಲು, ಅದು ಕಣ್ಣಿಗೆ ಕಾಣಲಿಲ್ಲ ನನಗೆ."

ಆಸ್ಪತ್ರೆಯ ಕೋಣೆ ಹಿಂದಿನ ದಿನವಷ್ಟೇ ಖಾಲಿಯಾಗಿತ್ತು. ಚಿನಕುರಳಿ ಗಂಟು ಕಟ್ಟಿದಳು. ಹೊಸ್ತಿಲು ದಾಟಿದವಳು ತಿರುಗಿ ನೋಡಿದಳು. ಅತ್ತೆ ಗೋಡೆಗೊರಗಿ ಕೂತೇ ಇದ್ದಳು.

"ಏನತ್ತೆ, ಹಾಗೇ ಕೂತ್ಬಿಟ್ರಿ? ಚಪ್ಪಲಿ ಹಾಕ್ಕೊಳ್ಳಿ."